ಕುರುಕು ಮೇಸ್ತ್ರಿ ಮನೆಯ ಸೂಪು

ಇದರಲ್ಲಿ ಒಂದಕ್ಷರ ಸುಳ್ಳು ಬೆರೆತಿದ್ದರೂ ನನ್ನ ನಾಲಿಗೆಗೆ ಇವತ್ತಿನಿಂದ ಉಪ್ಪು ಯಾವುದು ಸಕ್ಕರೆ ಯಾವುದು ತಿಳಿಯದೆ ಹೋಗಲಿ. ಇದಕ್ಕಿಂತ ದೊಡ್ಡ ಆಣೆ ಹೊಟ್ಟೆಬಾಕನಾದವನು ಇಡಲಾರ. ಇನ್ನೂ ನಂಬಿಕೆ ಬರದಿದ್ದರೆ ಆ ಮನೆಯಲ್ಲಿ ಒಂದು ಮರದ ಸೌಟು ಇದೆ, ಅದರ ಹಿಡಿಯ ಮೇಲೆ ನೀಲಿ ಗೆರೆ ಇದೆ, ಎಷ್ಟು ತೊಳೆದರೂ ಹೋಗಿಲ್ಲ. ಹೋಗಿ ನೋಡಿಕೊಂಡು ಬನ್ನಿ.

ಆ ಮನೆಯ ಸೊಸೆ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕಾಜಾ ಹಾಕುವವಳು. ದಿನಕ್ಕೆ ಎಂಟುನೂರು ಗುಂಡಿಗೆ ಎಂಟುನೂರು ತೂತು. ಮನೆಗೆ ಬಂದಾಗ ತಲೆಗೂದಲಲ್ಲಿ ನೂಲಿನ ಚೂರು, ಕಿವಿಯಲ್ಲಿ ಮಿಷಿನ್ನಿನ ಸದ್ದು. ಕಿವಿಗೆ ಸ್ವಲ್ಪ ಬಿಡುವು ಸಿಗಲಿ ಅಂದುಕೊಂಡು ಊಟಕ್ಕೆ ಕೂತರೆ ಅಲ್ಲಿ ಮಾವ.

ಮಾವ ಬಿಸ್ಕತ್ತು ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ಮಾಡಿದ ಕೆಲಸ ಒಂದೇ, ಕಚ್ಚುವುದು. ಬಿಸಿ ತಟ್ಟೆ ಒಲೆಯಿಂದ ಈಚೆ ಬಂದ ಕೂಡಲೇ ಒಂದು ಬಿಸ್ಕತ್ತು ಎತ್ತಬೇಕು, ಕಣ್ಣು ಮುಚ್ಚಬೇಕು, ಮುಂದಿನ ಹಲ್ಲಲ್ಲಿ ಕಚ್ಚಿ ಸದ್ದು ಕೇಳಬೇಕು. ಸದ್ದು ಸರಿಯಿದ್ದರೆ ‘ಹೂಂ’. ಸರಿಯಿಲ್ಲದಿದ್ದರೆ ‘ಊಹೂಂ’. ಊಹೂಂ ಅಂದರೆ ಆ ತಟ್ಟೆಯಷ್ಟೂ ದನದ ಬಾಯಿಗೆ. ಒಮ್ಮೆ ಕಾರ್ಖಾನೆಯ ಸೈರನ್ ಕೆಟ್ಟು ಕೂತಾಗ ಮೂರು ದಿನ ಪಾಳಿ ಬಿಟ್ಟಿದ್ದು ಅವರ ಹಲ್ಲಿನ ಸದ್ದಿಗೇ. ಗೇಟಿನಾಚೆ ಸೈಕಲ್ ರಿಪೇರಿಯವನು ಅದೇ ಸದ್ದು ಕೇಳಿ ಅಂಗಡಿ ಮುಚ್ಚುತ್ತಿದ್ದ. ನಗಬೇಡಿ, ಆಣೆ ಇಟ್ಟಿದ್ದೇನೆ. ಊರೆಲ್ಲ ಅವರನ್ನು ಕುರುಕು ಮೇಸ್ತ್ರಿ ಅಂತಲೇ ಕರೆಯುತ್ತಿತ್ತು. ಹೆತ್ತವರು ಇಟ್ಟ ಹೆಸರು ಪಿಂಚಣಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

ನಿವೃತ್ತಿಯ ದಿನ ಹಾರ, ಗಡಿಯಾರ ಎರಡನ್ನೂ ತಂದವರು ಕೆಲಸವನ್ನೂ ಮನೆಗೆ ತಂದರು. ಸದ್ದಿಲ್ಲದ್ದು ಊಟವೇ ಅಲ್ಲ ಅಂತ ಮೊದಲಿನಿಂದಲೂ ಅವರ ಕಾನೂನು. ಈಗ ಇಡೀ ದಿನ ಕಾನೂನು. ಬ್ರೆಡ್ಡನ್ನು ಹೆಂಚಿನಷ್ಟು ಗಟ್ಟಿ ಸುಡಬೇಕು. ಹುರುಳಿಕಾಯಿಗೆ ಬಿಸಿನೀರು ತೋರಿಸಿ ತೆಗೆಯಬೇಕು. ಆಲೂಗಡ್ಡೆ ಕರಿದರೆ ಗರಿಗರಿ ಒಡೆಯಬೇಕು. ಕ್ಯಾರೆಟ್ ಹಸಿಯೇ. ಅನ್ನ ಕೂಡ ಒಂದೆರಡು ಕಾಳು ಹಲ್ಲಿಗೆ ಸಿಗುವ ಹಾಗಿರಬೇಕು. ಮೆತ್ತಗೆ ಬೆಂದದ್ದು ಕಂಡರೆ ತಟ್ಟೆ ತಳ್ಳಿ, ಕಣ್ಣು ಮುಚ್ಚಿ, ‘ಊಹೂಂ’.

ಎರಡನೇ ಕಾನೂನು: ಒಂದು ಮನೆ, ಒಂದು ಅಡುಗೆ. "ಅವನಿಗೊಂದು ಇವಳಿಗೊಂದು ಮಾಡೋಕೆ ಇದು ಮನೆ ಕಣಮ್ಮ, ಹೋಟ್ಲಲ್ಲ."

ಅತ್ತೆ ಎಲ್ಲರದೂ ಆದ ಮೇಲೆ ಅಡುಗೆಮನೆಯಲ್ಲಿ ಬಾಗಿಲಿಗೆ ಬೆನ್ನು ಹಾಕಿ ಕೂತು ಉಣ್ಣುತ್ತಿದ್ದರು. ಮಾತು ಕಡಿಮೆ. ಆಡಿದರೂ ಬಾಯಿಗೆ ಕೈ ಅಡ್ಡ. ಎಂಥ ನಾಜೂಕಿನ ಹೆಂಗಸು ಅಂತ ಬಂದವರೆಲ್ಲ ಹೊಗಳುತ್ತಿದ್ದರು. ಸೊಸೆಯೂ ಹಾಗೇ ಅಂದುಕೊಂಡಿದ್ದಳು. ಮದುವೆಯಾಗಿ ಬಂದು ಹದಿನಾಲ್ಕು ವರ್ಷವಾಗಿತ್ತು. ಅಂದುಕೊಳ್ಳಲು ಸಮಯ ಬೇಕಾದಷ್ಟಿತ್ತು, ನೋಡಲು ಇರಲಿಲ್ಲ.

ಮೂವತ್ತೆರಡು ವರ್ಷದ ಸಕ್ಕರೆ ಹಲ್ಲನ್ನು ಬಿಡುತ್ತದೆಯೇ? ಹಲ್ಲಿನ ಡಾಕ್ಟರು ಮಾವನ ಬಾಯೊಳಗೆ ದೀಪ ಹಾಕಿ ನೋಡಿ, ದೀಪ ಆರಿಸಿ, ಕೈ ತೊಳೆದುಕೊಂಡು ಬಂದರು. ಎಲ್ಲವನ್ನೂ ಕೀಳಬೇಕು. ಒಸಡು ಒಣಗಿ ಗಟ್ಟಿಯಾಗಲು ಎಂಟು ವಾರ. ಆಮೇಲೆ ಕಟ್ಟಿಸಿದ ಹಲ್ಲು.

ಎಲ್ಲ ಕೀಳಿಸಿಕೊಂಡು ಮಾವ ಮನೆಗೆ ಬಂದಾಗ ಮುಖ ಗಾಳಿ ಬಿಟ್ಟ ಚೆಂಡಿನ ಹಾಗಿತ್ತು. ಸೊಸೆ ಗಂಜಿ ಮಾಡಿ ಕೊಟ್ಟಳು.

"ಇದೇನಿದು, ಗೋಡೆಗೆ ಪೋಸ್ಟರ್ ಅಂಟಿಸೋದಾ?"

"ಗಂಜಿ, ಮಾವ. ಡಾಕ್ಟ್ರೇ ಹೇಳಿದ್ದು."

"ಡಾಕ್ಟ್ರು ಕುಡೀಲಿ." ತಟ್ಟೆ ತಳ್ಳಿದರು. ಎರಡು ದಿನ ತಳ್ಳಿದರು. ಮೂರನೇ ದಿನ ಹಸಿವು ಜಾಸ್ತಿಯಾಗಿ ಕುಡಿದರು, ಕುಡಿದ ಮೇಲೆ ಸುತ್ತ ನೋಡಿದರು. ಮಗ ಗರಿಗರಿ ಆಲೂಗಡ್ಡೆ ತಿನ್ನುತ್ತಿದ್ದ. ಮೊಮ್ಮಗಳು ರಸ್ಕು ಕಚ್ಚುತ್ತಿದ್ದಳು.

"ನಿಲ್ಲಿಸ್ರೋ," ಅಂದರು. "ಒಂದು ಮನೆ, ಒಂದು ಅಡುಗೆ. ನಾನು ಇದನ್ನ ಕುಡಿಯೋವರೆಗೂ ಎಲ್ಲಾರೂ ಇದನ್ನೇ."

ಸೊಸೆಯ ಗಂಡ ಮನೆ ಮನೆ ತಿರುಗಿ ಕರೆಂಟಿನ ಮೀಟರ್ ಓದುವವನು. ಊರಿನವರೆಲ್ಲರ ಜೊತೆ ಜಗಳ ಆಡಿ ಬರುತ್ತಿದ್ದ, ಅಪ್ಪನ ಎದುರು ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಆಲೂಗಡ್ಡೆ ಕೆಳಗಿಟ್ಟ. ಹನ್ನೆರಡರ ಮೊಮ್ಮಗಳು ಪುಟ್ಟಿ ಮಾತ್ರ ರಸ್ಕು ನುಂಗಿ ಕೇಳಿದಳು, "ತಾತ, ನಿಮಗೆ ಜ್ವರ ಬಂದ್ರೆ ನಮಗೂ ಇಂಜೆಕ್ಷನ್ನಾ?"

"ನಿನ್ನ ಮಗಳಿಗೆ ನಾಲಿಗೆ ಉದ್ದ ಆಯ್ತು," ಅಂದರು ಮಾವ, ಸೊಸೆಗೆ.

ಐದು ಜನ ಎಂಟು ವಾರ ಗಂಜಿ ಕುಡಿಯುವುದನ್ನು ನೆನೆದು ಸೊಸೆಗೆ ಮಿಷಿನ್ನಿನ ಮುಂದೆಯೇ ಕಣ್ಣು ಕತ್ತಲೆ ಬಂತು. ಇಸ್ತ್ರಿ ಅಕ್ಕನಿಗೆ ಹೇಳಿಕೊಂಡಳು. ಇಸ್ತ್ರಿ ಅಕ್ಕ ಅಂದರೆ ಹೊಲಿದಾದ ಅಂಗಿಗಳಿಗೆಲ್ಲ ಇಸ್ತ್ರಿ ಹಾಕುವವಳು; ಅವಳ ಗಂಡ ಗೋಡೆ ಕಟ್ಟುವಾಗ ಸಾರುವೆ ಮೇಲಿಂದ ಬಿದ್ದು ದವಡೆಗೆ ತಂತಿ ಕಟ್ಟಿಸಿಕೊಂಡು ಎರಡು ತಿಂಗಳು ಕೂತಿದ್ದ.

"ಸೂಪು ಮಾಡೇ ಹುಚ್ಚಿ," ಅಂದಳು ಇಸ್ತ್ರಿ ಅಕ್ಕ, ಕಾಲರಿನ ಮೇಲೆ ಪೆಟ್ಟಿಗೆ ಎಳೆಯುತ್ತಾ. "ಸಿಹಿಗುಂಬಳ, ಕ್ಯಾರೆಟ್, ಒಂದು ಆಲೂಗಡ್ಡೆ. ಮೊದಲು ಬೆಣ್ಣೇಲಿ ಈರುಳ್ಳಿ ಬಾಡಿಸು, ಕೆಂಪಗೆ ಮಾಡ್ಬೇಡ. ಜೀರಿಗೆ, ಮೆಣಸು ಹುರಿದು ಕುಟ್ಟು. ಶುಂಠಿ ಮರೀಬೇಡ. ಬೆಂದ್ಮೇಲೆ ನುಣ್ಣಗೆ ರುಬ್ಬಿ ಸೋಸು. ಕೊನೇಲಿ ಕೆನೆ."

"ಕೆನೆ ಯಾವಾಗ?"

"ಅದೇ ಹೇಳ್ತಿದೀನಲ್ಲ. ಒಲೆ ಆರಿಸಿದ್ಮೇಲೆ. ಕುದಿಯೋವಾಗ ಹಾಕಿದ್ಯೋ, ಒಡೆದು ಮೊಸರು ಮೊಸರು."

ಸೊಸೆ ಕುದಿಯುವಾಗಲೇ ಹಾಕಿದಳು. ಅವಸರ, ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಪುಟ್ಟಿಯ ಜಡೆ. ಕೆನೆ ಒಡೆದು ಸೂಪಿನ ಮೇಲೆ ಬಿಳಿ ಚಿಂದಿ ತೇಲಿತು. ಮಾವ ಚಮಚದಲ್ಲಿ ಎತ್ತಿ ನೋಡಿ, "ಇದ್ರಲ್ಲಿ ಬಟ್ಟೆ ಒಗೆದ್ಯಾ?" ಅಂದರು.

ಎರಡನೇ ಸಲ ತಪ್ಪಾಗಲಿಲ್ಲ. ಬೆಳಗ್ಗೆ ಐದಕ್ಕೇ ಎದ್ದಳು. ದೊಡ್ಡ ಪಾತ್ರೆಯಲ್ಲಿ ಬೆಣ್ಣೆ ಕರಗಿಸಿ ಈರುಳ್ಳಿ ಹಾಕಿದಳು, ಅದು ಗಾಜಿನ ಬಣ್ಣಕ್ಕೆ ತಿರುಗಿದಾಗ ಜಜ್ಜಿದ ಬೆಳ್ಳುಳ್ಳಿ, ಶುಂಠಿ. ಕುಂಬಳದ ಹೋಳು ಬಿದ್ದಾಗ ಪಾತ್ರೆ ಚುರ್ ಅಂತು. ಮುಚ್ಚಿಟ್ಟು ಪುಟ್ಟಿಯ ಜಡೆ ಹಾಕಿ ಮುಗಿಸಿ ಬಂದು ನೋಡಿದರೆ ಹೋಳು ಸೌಟಿಗೆ ತಾಗಿದರೆ ಸಾಕು ಕುಸಿಯುತ್ತಿತ್ತು. ಮಿಕ್ಸಿಗೆ ಹಾಕಿ, ಜರಡಿಯಲ್ಲಿ ಸೋಸಿ, ಮತ್ತೆ ಒಂದು ಕುದಿ. ಕುಟ್ಟಿದ ಮೆಣಸು ಜೀರಿಗೆ. ಒಲೆ ಆರಿಸಿ, ಇಪ್ಪತ್ತು ಎಣಿಸಿ, ಕೆನೆ ಸುರಿದು ಒಂದೇ ದಿಕ್ಕಿಗೆ ತಿರುಗಿಸಿದಳು. ಬಿಳಿ ಸುರುಳಿ ಕೇಸರಿಯಲ್ಲಿ ಕರಗಿ ಹೋಯಿತು.

ಮಾವ ಕುಡಿದರು. ಕುಡಿದು ಬಟ್ಟಲು ಕೆಳಗಿಟ್ಟು, "ಸದ್ದೇ ಇಲ್ಲ," ಅಂದರು.

"ಸೂಪು, ಮಾವ. ಅದೇನು ಸದ್ದು ಮಾಡತ್ತೆ?"

"ಮಾಡಿಸ್ತೀನಿ ನೋಡು." ಎರಡನೇ ಬಟ್ಟಲನ್ನು ತುಟಿಗಿಟ್ಟು ಸೊರ್‌ರ್ ಅಂತ ಎಳೆದರು. ಮೋರಿಯ ನೀರು ಒಂದೇ ಸಲ ಬಿಟ್ಟ ಹಾಗೆ. ಬೀದಿಯಲ್ಲಿ ಹೋಗುತ್ತಿದ್ದ ಕೊಳಾಯಿ ರಿಪೇರಿಯವನು ಬಾಗಿಲು ತಟ್ಟಿ, "ಎಲ್ಲಾದ್ರೂ ಪೈಪ್ ಒಡೆದಿದ್ಯಾ?" ಅಂತ ಕೇಳಿದ. ಅವತ್ತಿನಿಂದ ದಿನಕ್ಕೆ ಎರಡು ಹೊತ್ತು ಆ ಮನೆಯಲ್ಲಿ ಅದೇ ಸಂಗೀತ.

ಮೊದಲ ವಾರ ಎಲ್ಲರೂ ಚೆನ್ನಾಗಿದೆ ಅಂದರು. ಎರಡನೇ ವಾರ ಸುಮ್ಮನಾದರು. ಮೂರನೇ ವಾರ ಗಂಡ ಬಟ್ಟಲಿನೊಳಗೆ ಮೀಟರ್ ಓದುವವನ ಹಾಗೆ ಬಗ್ಗಿ ನೋಡಿ, "ಇವತ್ತೂ ಕೇಸರಿ," ಅಂದ.

"ನಾಳೆ ಪಾಲಕ್ ಹಾಕ್ತೀನಿ, ಹಸಿರು ಬರತ್ತೆ."

"ಬಣ್ಣ ಬದಲಾಯ್ಸಿದ್ರೆ ಹಲ್ಲಿಗೇನೇ ಸಿಗತ್ತೆ?"

ಅವನು ಹೊರಗೆ ತಿಂದು ಬರುತ್ತಿದ್ದಾನೆ ಅಂತ ಸೊಸೆಗೆ ಗೊತ್ತಿತ್ತು. ಅಂಗಿಯ ಜೇಬಿನಲ್ಲಿ ಶೇಂಗಾ ಸಿಪ್ಪೆ ಸಿಗುತ್ತಿತ್ತು. ಪುಟ್ಟಿ ಒಂದು ಮಧ್ಯಾಹ್ನ ಬಚ್ಚಲುಮನೆಗೆ ಹೋಗಿ, ಚಿಲಕ ಹಾಕಿ, ನಲ್ಲಿ ಜೋರಾಗಿ ಬಿಟ್ಟುಕೊಂಡು ಒಂದು ಬಿಸ್ಕತ್ತು ಕಚ್ಚಿದಳು. ಮುಂದಿನ ಕೋಣೆಯಲ್ಲಿ ರೇಡಿಯೋ ಕೇಳುತ್ತಿದ್ದ ಮಾವ ರೇಡಿಯೋ ಆರಿಸಿದರು.

"ಯಾರದು? ಎರಡನೇ ದರ್ಜೆ ಮಾಲು. ಪೊಟ್ಟಣ ಒಡೆದು ನಾಲ್ಕು ದಿನ ಆಗಿದೆ, ತೇವ ಹಿಡಿದಿದೆ."

ನಾಲ್ಕೇ ದಿನ ಆಗಿತ್ತು. ಪೊಟ್ಟಣ ಜಪ್ತಿಯಾಯಿತು.

ಸೂಪು ಕಡಿಮೆ ಬೀಳಲು ಶುರುವಾದದ್ದು ಅದೇ ವಾರ. ಸೊಸೆ ಬೆಳಗ್ಗೆಯೇ ಎರಡು ಹೊತ್ತಿಗಾಗುವಷ್ಟು ಮಾಡಿಟ್ಟು ಕೆಲಸಕ್ಕೆ ಹೋಗುತ್ತಿದ್ದಳು. ಸಂಜೆ ಬಂದು ನೋಡಿದರೆ ಪಾತ್ರೆಯಲ್ಲಿ ನಾಲ್ಕು ಜನಕ್ಕೂ ಸಾಲದಷ್ಟು. ನೀರು ಬೆರೆಸಿ ಸರಿದೂಗಿಸಿದಳು. ಮಾವ ಒಂದು ಗುಟುಕು ಎಳೆದು, "ನೀರು!" ಅಂದರು.

"ಯಾರೋ ಮಧ್ಯಾಹ್ನ ತೆಗೀತಿದಾರೆ, ಮಾವ."

"ನೀನೇ ಕಮ್ಮಿ ಮಾಡ್ತಿದೀಯ. ಬೆಳಗ್ಗೆ ಎದ್ದೇಳೋಕೆ ಸೋಮಾರಿತನ. ಅದಕ್ಕೆ ಕಳ್ಳನ ಕಥೆ."

ಐದಕ್ಕೆ ಎದ್ದು ಕುಂಬಳ ಹೆಚ್ಚಿ ಅಂಗೈ ಒಡೆದಿತ್ತು ಅವಳಿಗೆ. ಮಾರನೇ ದಿನ ಕಾರ್ಖಾನೆಯಿಂದ ಬಟ್ಟೆಗೆ ಗುರುತು ಹಾಕುವ ನೀಲಿ ಸುಣ್ಣದ ಬಿಲ್ಲೆ ತಂದಳು. ಮರದ ಸೌಟನ್ನು ಪಾತ್ರೆಯಲ್ಲಿ ನೆಟ್ಟಗೆ ನಿಲ್ಲಿಸಿ, ಸೂಪು ಎಲ್ಲಿವರೆಗೆ ಬರುತ್ತದೋ ಅಲ್ಲಿ ಗೆರೆ ಎಳೆದಳು. ಬೆಳಗ್ಗೆ ಎಲ್ಲರಿಗೂ ಐದು ಬಟ್ಟಲು ತೆಗೆದ ಮೇಲೆ ಎಲ್ಲಿಗೆ ಇಳಿಯಿತೋ ಅಲ್ಲಿ ಇನ್ನೊಂದು ಗೆರೆ. ಸಂಜೆ ಸೌಟು ಇಳಿಸಿದಳು. ಗೆರೆಗಿಂತ ಮೂರು ಬೆರಳು ಕೆಳಗೆ.

"ರೀ, ಮಧ್ಯಾಹ್ನ ಮನೆಗೆ ಬಂದಿದ್ರಾ?"

"ಆ ಸೂಪು ಕದಿಯೋಕಾ?" ಗಂಡ ಬೂಟು ಬಿಚ್ಚುತ್ತಿದ್ದವನು ತಲೆ ಎತ್ತಿದ. "ನನ್ನ ಕೈಕಾಲು ಕಟ್ಟಿ ಕುಡಿಸ್ಬೇಕು ಅದನ್ನ."

"ಪುಟ್ಟಿ, ನೀನಾ?"

"ಅಮ್ಮಾ, ಕದ್ರೆ ಒಳ್ಳೇದೇನಾದ್ರೂ ಕದೀತೀನಿ. ನನಗೂ ಒಂದು ಮರ್ಯಾದೆ ಇದೆ."

ಅತ್ತೆಯನ್ನು ಕೇಳಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಅತ್ತೆ ಪಕ್ಕದಲ್ಲೇ ಪಾತ್ರೆ ಒರೆಸುತ್ತಾ ನಿಂತಿದ್ದರು.

ನಾಲ್ಕನೇ ವಾರ, ಬುಧವಾರ, ಕಾರ್ಖಾನೆಯಲ್ಲಿ ಕಾಜಾ ಮಿಷಿನ್ನಿನ ಬೆಲ್ಟು ಹರಿದು ಮಧ್ಯಾಹ್ನ ಎರಡಕ್ಕೇ ಎಲ್ಲರನ್ನೂ ಮನೆಗೆ ಕಳಿಸಿದರು. ಆ ಹೊತ್ತಿಗೆ ಮಾವ ಕ್ಷೌರದ ಅಂಗಡಿಯಲ್ಲಿ ಕೂತು ಹಳೆ ಬಿಸ್ಕತ್ತುಗಳ ಸುದ್ದಿ ಹೇಳುತ್ತಿದ್ದರು. ಸೊಸೆ ಹಿತ್ತಿಲ ಬಾಗಿಲಿಂದ ಬಂದಳು.

ಅತ್ತೆ ಅಡುಗೆಮನೆಯ ಮಣೆಯ ಮೇಲೆ ಕೂತಿದ್ದರು. ಪಾತ್ರೆ ಎರಡು ಕಾಲಿನ ನಡುವೆ. ಕಣ್ಣು ಮುಚ್ಚಿ ಕುಡಿಯುತ್ತಿದ್ದರು. ಮಾವನ ಹಾಗೆ ಸೊರ್ ಅಂತ ಅಲ್ಲ, ಸ್ವಲ್ಪ ಸ್ವಲ್ಪವಾಗಿ, ಬಾಯಲ್ಲಿ ಹಿಡಿದಿಟ್ಟು, ಆಮೇಲೆ ನುಂಗಿ. ಬಟ್ಟಲು ಖಾಲಿಯಾಯಿತು. ಬೆರಳು ಹಾಕಿ ಒಳಗೆಲ್ಲ ಬಳಿದು ನೆಕ್ಕಿದರು. ಮತ್ತೆ ಸೌಟು ಎತ್ತಿದರು.

"ಅತ್ತೆ!"

ಸೌಟು ಪಾತ್ರೆಗೆ ಬಿತ್ತು. ಕೈ ತಾನಾಗಿ ಬಾಯಿಗೆ ಹೋಯಿತು. ಗಲ್ಲದ ಮೇಲೆ ಕೇಸರಿ ಹನಿ.

"ಒಂದೇ ಬಟ್ಟಲು ಕಣೆ."

"ಒಂದಲ್ಲ. ಗೆರೆ ಪ್ರಕಾರ ದಿನಾ ಮೂರು."

"ಗೆರೆ ಬೇರೆ ಹಾಕಿದೀಯಾ?" ಅತ್ತೆಗೆ ನಗು ಬಂತು. ನಗುವಿನಲ್ಲಿ ಕೈ ಒಂದು ಕ್ಷಣ ಜಾರಿತು. ಸೊಸೆ ನೋಡಿದಳು.

"ಬಾಯಿ ತೆಗೀರಿ ಅತ್ತೆ."

"ನಾನೇನು ಎಳೇ ಮಗೂನಾ?"

"ತೆಗೀರಿ ಅಂದೆ."

ಅತ್ತೆ ತೆಗೆದರು. ಮೇಲೆ ಏನೂ ಇಲ್ಲ. ಕೆಳಗೆ ಹಿಂದುಗಡೆ ಎರಡು ಕರಿ ಮೋಟು. ಉಳಿದದ್ದೆಲ್ಲ ಒಸಡು, ಬಹಳ ದಿನದಿಂದ ತುಳಿದ ಮೆಟ್ಟಿಲಿನ ಹಾಗೆ ಸವೆದು ನುಣ್ಣಗಾಗಿತ್ತು.

ಸೊಸೆ ನೆಲದ ಮೇಲೆ ಕೂತಳು. "ಯಾವಾಗಿಂದ?"

"ಪುಟ್ಟಿಗೆ ಹಲ್ಲು ಬಂತಲ್ಲ, ಆ ವರ್ಷ. ಅವಳ್ದು ಬರೋದು, ನಂದು ಹೋಗೋದು. ಅವಳಿಗೆ ಅಂತ ನೀನು ಅನ್ನ ಹಿಸುಕಿ, ಬೇಯಿಸಿದ್ದು ಕಲಸಿ ಇಟ್ಟು ಹೋಗ್ತಿದ್ದೆ. ಅದ್ರಲ್ಲಿ ಅವಳಿಗೆ ಅರ್ಧ, ನಂಗೆ ಅರ್ಧ. ಆಮೇಲೆ ಅವಳು ಕಚ್ಚೋಕೆ ಶುರು ಮಾಡಿದ್ಲು, ನೀನು ಕಲಸೋದು ನಿಲ್ಲಿಸ್ಬಿಟ್ಟೆ."

ಸೊಸೆಗೆ ಆ ಬಟ್ಟಲು ನೆನಪಿತ್ತು. ದಿನಾ ಸಂಜೆ ಬಂದಾಗ ತೊಳೆದ ಹಾಗೆ ಖಾಲಿ ಇರುತ್ತಿತ್ತು. ನನ್ನ ಮಗಳು ಒಂದಗಳು ಬಿಡದ ಹಾಗೆ ಉಣ್ಣುತ್ತಾಳೆ ಅಂತ ಬೀದಿಯವರಿಗೆಲ್ಲ ಹೇಳಿಕೊಂಡು ತಿರುಗಿದ್ದಳು.

"ಹನ್ನೊಂದು ವರ್ಷ ಏನು ತಿಂದ್ರಿ, ಅತ್ತೆ?"

"ನೆನೆಸಿದ್ದು. ಕುಟ್ಟಿದ್ದು. ಆಗದಿದ್ದಾಗ ಬರೀ ಟೀ."

"ನಂಗೆ ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ವಲ್ಲ." ಗಂಟೆ ಎಷ್ಟು ಅಂದರೆ ಹೇಳುವ ಹಾಗೆ ಹೇಳಿದರು, ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಸೊಸೆಗೆ ಎಷ್ಟೋ ಹಗುರವಾಗುತ್ತಿತ್ತು.

"ಮಾವನಿಗೆ ಗೊತ್ತಾ?"

"ಒಂದ್ಸಲ ಕೇಳಿದ್ದೆ. ಹಲ್ಲು ಕಟ್ಟಿಸ್ಬೇಕು ಅಂತ ಡಾಕ್ಟ್ರು ಚೀಟಿ ಬರೆದ್ಕೊಟ್ಟಿದ್ರು. ತಂದು ಕೈಗೆ ಕೊಟ್ಟೆ. ‘ನೀನು ಯಾರಿಗೆ ಬಿಸ್ಕತ್ತು ಕಚ್ಚಿ ತೋರಿಸ್ಬೇಕಾಗಿದೆ?’ ಅಂದ್ರು. ಅದೂ ನಿಜಾನೇ ಅಲ್ವಾ? ನಂಗೇನು ಅದು ಕೆಲಸಾನಾ?" ಪಾತ್ರೆಯ ಮುಚ್ಚಳ ಮುಚ್ಚಿದರು. "ಯಾರ ಹತ್ರಾನೂ ಆಡ್ಬೇಡ. ನನ್ನ ಬಾಯಿ ಊರಿಗೆಲ್ಲ ಪ್ರದರ್ಶನ ಆಗೋದು ಬೇಡ. ಆಣೆ ಮಾಡು."

ಸೊಸೆ ಆಣೆ ಮಾಡಿದಳು.

ಮಾರನೇ ದಿನದಿಂದ ಕುಂಬಳ ಒಂದು ಹೋಳು ಜಾಸ್ತಿ ಬಿತ್ತು, ಕೆನೆ ಅರ್ಧ ಲೋಟ ಜಾಸ್ತಿ. ಆರನೇ ವಾರದ ಹೊತ್ತಿಗೆ ಅತ್ತೆಯ ರವಿಕೆ ಬಿಗಿಯಾಯಿತು. ಸೊಸೆ ಒಳಗಿನ ಹೊಲಿಗೆ ಬಿಚ್ಚಿ ಒಂದು ಬೆರಳು ಅಗಲ ಬಿಟ್ಟಳು. ಹದಿನೈದು ದಿನಕ್ಕೆ ಇನ್ನೊಂದು ಬೆರಳು. ತಾನೇ ಹನ್ನೊಂದು ವರ್ಷದಲ್ಲಿ ನಾಲ್ಕು ಸಲ ಆ ರವಿಕೆಗಳನ್ನು ಚಿಕ್ಕದು ಮಾಡಿ ಕೊಟ್ಟಿದ್ದು ಆಗ ನೆನಪಾಯಿತು. ವಯಸ್ಸಾಯಿತು, ಇಳಿಯುತ್ತಿದ್ದಾರೆ ಅಂದುಕೊಂಡು ಹೊಲಿದಿದ್ದಳು. ಹಳೆಯ ಹೊಲಿಗೆಯ ಗುರುತು ಒಂದರ ಪಕ್ಕ ಒಂದು ಹಾಗೇ ಇತ್ತು.

ಅತ್ತೆಗೆ ಮಾತೂ ಬಂತು. ಮುಂದಿನ ಕೋಣೆಯಿಂದ ಸೊರ್‌ರ್ ಅಂತ ಕೇಳಿದರೆ ಕೈ ಅಡ್ಡ ಹಿಡಿದು, "ಎಮ್ಮೆ ನೀರಿಗೆ ಇಳೀತು ನೋಡು," ಅನ್ನುತ್ತಿದ್ದರು. ಸೊಸೆ ಹದಿನಾಲ್ಕು ವರ್ಷದಲ್ಲಿ ಕೇಳದಷ್ಟನ್ನು ಆ ಒಂದು ತಿಂಗಳಲ್ಲಿ ಕೇಳಿದಳು.

"ಇನ್ನೆಷ್ಟು ವಾರ?" ಅಂತ ಮಾವ ದಿನಾ ಕೇಳುತ್ತಿದ್ದರು.

"ಎರಡು, ಮಾವ."

"ಇನ್ನೆಷ್ಟು ವಾರ?" ಅಂತ ಅಡುಗೆಮನೆಯಲ್ಲಿ ಅತ್ತೆಯೂ ಕೇಳುತ್ತಿದ್ದರು.

"ಎರಡೇ, ಅತ್ತೆ."

ಏಳನೇ ವಾರ ಸೊಸೆ ಮೊದಲು ಗಂಡನ ಹತ್ತಿರ ಹೋದಳು. ಮಾವನಿಗೆ ಹಲ್ಲು ಬಂದ ಮೇಲೂ ಸೂಪು ಇರಲಿ, ಒಂದು ಸಣ್ಣ ಪಾತ್ರೆಯಲ್ಲಾದರೂ, ನೀವೊಂದು ಮಾತು ಹೇಳಿ ಅಂದಳು.

"ನಿಂಗೇನಾದ್ರೂ ತಲೆ ಕೆಟ್ಟಿದ್ಯಾ? ಯಾವಾಗ ತೊಲಗತ್ತೋ ಅಂತ ನಾನು ಕಾಯ್ತಿದ್ರೆ!"

"ನಿಮಗಲ್ಲ."

"ಮತ್ಯಾರಿಗೆ?"

ಆಣೆ ಮಾಡಿದ್ದಳಲ್ಲ. "ನಂಗೆ," ಅಂದಳು.

"ಹಾಗಾದ್ರೆ ಅಪ್ಪನ್ನೇ ಕೇಳ್ಕೋ."

ಅವತ್ತು ಸಂಜೆ ಊಟದ ಮೇಜಿನ ಹತ್ತಿರ ನಿಂತೇ ಕೇಳಿದಳು. ಮಾವ ಬಟ್ಟಲು ಕೆಳಗಿಟ್ಟರು.

"ಒಂದು ಮನೇಲಿ ಎರಡು ಅಡುಗೆನಾ?"

"ಎರಡಲ್ಲ ಮಾವ. ಇದೊಂದು ಜೊತೆಗೆ. ಬೆಳಗ್ಗೆ ನಾನೇ ಎದ್ದು ಮಾಡ್ತೀನಿ."

"ಯಾರಿಗೆ ಬೇಕಂತೆ?" ಮಾವ ಮಗನ ಕಡೆ ತಿರುಗಿದರು. "ನಿಂಗೆ ಬೇಕೇನೋ?"

"ಬೇಡಪ್ಪ."

"ಪುಟ್ಟೀ?"

"ಅಯ್ಯೋ, ಬೇಡ ತಾತ!"

"ಕೇಳಿಸ್ತಾ?" ಅಂದು, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿಯತ್ತ ನೋಡಿದರು. "ಏ, ನಿಂಗೆ ಬೇಕಾ?"

ಸೊಸೆ ಅತ್ತೆಯ ಮುಖವನ್ನೇ ನೋಡಿದಳು. ಒಂದು ‘ಹೂಂ’ ಸಾಕಿತ್ತು. ಅತ್ತೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, "ನೀವು ಹೇಗಂದ್ರೆ ಹಾಗೆ," ಅಂದರು.

"ಮುಗೀತಲ್ಲ. ಹಲ್ಲು ಬಂದ ದಿನ ಆ ಪಾತ್ರೆ ತೊಳೆದು ಮೇಲಿಡು."

ಆಮೇಲೆ ಅಡುಗೆಮನೆಯಲ್ಲಿ ಸೊಸೆ ಸಿಡಿದಳು. "ಬೇಕು ಅನ್ನೋಕೆ ಏನಾಗಿತ್ತು ಅತ್ತೆ ನಿಮಗೆ?"

"ನೀನು ಪಾತ್ರೆ ತೊಳೆಯಲ್ಲ ಅಂದ್ಯಾ?" ಅಂದರು ಅತ್ತೆ. "ಇಲ್ವಲ್ಲ. ಸುಮ್ನಿರು."

ಹಲ್ಲು ಬಂದದ್ದು ಭಾನುವಾರ. ಡಾಕ್ಟರು ಮೊದಲ ವಾರ ಮೆತ್ತಗಿನದೇ ತಿನ್ನಿ ಅಂದರು. ಮಾವ ಅದನ್ನು ಹಿಂದೆ ನಿಂತ ಬೇರೆ ಯಾರಿಗೋ ಹೇಳಿದ್ದು ಅನ್ನುವ ಹಾಗೆ ಕೇಳಿಸಿಕೊಂಡು ಮನೆಗೆ ಬಂದರು. ದಾರಿಯಲ್ಲಿ ರಸ್ಕು, ಶೇಂಗಾ ಕಟ್ಟಿಸಿಕೊಂಡು ಬಂದರು. ಸೊಸೆ ಪಾತ್ರೆ ತೊಳೆದು, ಒರೆಸಿ, ಮೇಲಿನ ಹಲಗೆಯ ಮೇಲೆ ಬೋರಲು ಹಾಕಿದಳು. ಹೌದು, ಹಾಕಿದಳು. ಆಣೆ ಇಟ್ಟು ಹೇಳುತ್ತಿರುವುದರಿಂದ ಮುಚ್ಚಿಡುವಂತಿಲ್ಲ.

"ಎಲ್ಲಾರೂ ಬನ್ನಿ. ಏ, ನೀನೂ ಬಾರೇ. ಇವತ್ತು ಒಟ್ಟಿಗೆ ಕೂತ್ಕೋ." ಮಾವನಿಗೆ ಸಭೆ ಬೇಕಿತ್ತು. ಅತ್ತೆ ಆ ಮೇಜಿನ ತುದಿಯಲ್ಲಿ ಮೊದಲ ಸಲ ಕೂತರು. ಎಲ್ಲರ ತಟ್ಟೆಗೂ ಒಂದೊಂದು ರಸ್ಕು.

ಮಾವ ತಮ್ಮದನ್ನು ಎತ್ತಿದರು. ಕಣ್ಣು ಮುಚ್ಚಿದರು. ಕಚ್ಚಿದರು.

ಟೊಪ್.

ಮಳೆಗಾಲದಲ್ಲಿ ಉಬ್ಬಿದ ಬಾಗಿಲು ಮುಚ್ಚಿದ ಹಾಗೆ. ಮಾವ ಕಣ್ಣು ತೆರೆದರು. ಇನ್ನೊಂದು ರಸ್ಕು ಎತ್ತಿ ಕಚ್ಚಿದರು. ಟೊಪ್.

"ಊಹೂಂ," ಅಂದರು. "ಮಾಲು ಸರಿಯಿಲ್ಲ. ಮೋಸ ಮಾಡಿದಾನೆ ಅಂಗಡಿಯವ್ನು."

ಪುಟ್ಟಿ ತುಟಿ ಕಚ್ಚಿ ಹಿಡಿದಳು. ಗಂಡ ಮೆಲ್ಲಗೆ, "ಮಾಲೇನೋ ಸರಿಯಾಗೇ ಇದೆ ಅನ್ಸತ್ತಪ್ಪ," ಅಂದ.

"ಹಾಗಾದ್ರೆ ಪರೀಕ್ಷೆ ಆಗ್ಲಿ. ಕಾರ್ಖಾನೇಲಿ ಅನುಮಾನ ಬಂದ್ರೆ ನಾಲ್ಕು ಜನದ ಕೈಲಿ ಕಚ್ಚಿಸ್ತಿದ್ವಿ. ಕಚ್ಚು ನೀನು."

ಗಂಡ ಕಚ್ಚಿದ. ಕಟ್! ಮಾವನ ಮುಖ ಸಣ್ಣದಾಯಿತು.

"ನೀನು ಕಚ್ಚು, ಪುಟ್ಟಿ."

ಕಟ್! ಎಂಟು ವಾರದ ಹಸಿವಿತ್ತು ಆ ಸದ್ದಿನಲ್ಲಿ.

"ನೀನಮ್ಮ."

ಸೊಸೆ ಕಚ್ಚಿದಳು. ಸದ್ದು ಚೆನ್ನಾಗಿಯೇ ಬಂತು. ಅವಳಿಗೆ ನಾಚಿಕೆಯಾಯಿತು.

"ಮೂರಾಯ್ತು. ಏ, ನಾಲ್ಕನೇದು ನೀನು. ಕಚ್ಚು."

ಅತ್ತೆ ರಸ್ಕನ್ನು ಬೆರಳಲ್ಲಿ ತಿರುಗಿಸಿ ನೋಡುತ್ತಿದ್ದರು.

"ಕಚ್ಚೇ! ಎಲ್ಲಾರೂ ಕಚ್ಚಿದ್ರಲ್ಲ, ನಿಂಗೇನು ಧಾಡಿ?"

ಅತ್ತೆ ರಸ್ಕನ್ನು ತಟ್ಟೆಗೆ ಇಟ್ಟರು. ಎರಡೂ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಬಾಯಿ ತೆರೆದರು. ತೆರೆದು ಹಾಗೇ ಇಟ್ಟುಕೊಂಡರು, ಒಬ್ಬೊಬ್ಬರ ಕಡೆಗೂ ತಿರುಗಿ, ಎಲ್ಲರೂ ನೋಡುವಷ್ಟು ಹೊತ್ತು.

ಪುಟ್ಟಿಯ ಬಾಯಲ್ಲಿದ್ದ ರಸ್ಕು ಅಲ್ಲೇ ನಿಂತಿತು.

"ಅಮ್ಮಾ," ಅಂದ ಗಂಡ. "ಇದು... ಯಾವಾಗಿಂದ?"

"ಹೇಳ್ತೀನಿ. ಒಂದಕ್ಷರ ಸುಳ್ಳಿಲ್ಲ, ಎಲ್ಲಾ ಸತ್ಯ." ಅತ್ತೆಯ ಸ್ವರ ಏರಲಿಲ್ಲ. "ಹನ್ನೊಂದು ವರ್ಷ. ಬ್ರೆಡ್ಡು ಸುಟ್ಟು ಹೆಂಚು ಮಾಡ್ತಿದ್ವಲ್ಲ, ಅದನ್ನ ನೀವೆಲ್ಲ ಎದ್ದ್ಮೇಲೆ ಟೀಲಿ ಅದ್ದಿಡ್ತಿದ್ದೆ. ಅರ್ಧ ಗಂಟೆ ಬೇಕು ಅದಕ್ಕೆ. ಅಷ್ಟರಲ್ಲಿ ಪಾತ್ರೆ ತೊಳ್ಕೋತಿದ್ದೆ. ಹುರುಳಿಕಾಯಿ ಅಗಿಯೋಕಾಗ್ತಿರಲಿಲ್ಲ, ಚೀಪಿ ಬಿಸಾಕ್ತಿದ್ದೆ. ಶೇಂಗಾ ತಂದ ದಿನ ಬಚ್ಚಲಿಗೆ ಒಯ್ದು ಬಟ್ಟೆ ಒಗೆಯೋ ಕಲ್ಲಿನ ಮೇಲೆ ಕುಟ್ಟಿ ಪುಡಿ ಮಾಡ್ಕೋತಿದ್ದೆ. ಬಟ್ಟೆ ಕುಕ್ತಿದೀನಿ ಅಂದ್ಕೊಂಡಿದ್ರಿ ನೀವು."

"ಸಾಕು," ಅಂದರು ಮಾವ.

ಸೊಸೆ ಎದ್ದಳು. ಸ್ಟೂಲು ಎಳೆದು ಹತ್ತಿ, ಹಲಗೆಯ ಮೇಲೆ ಬೋರಲು ಹಾಕಿದ್ದ ಪಾತ್ರೆ ಇಳಿಸಿದಳು.

"ಅದ್ಯಾಕೆ ಈಗ?"

"ಸೂಪಿಗೆ, ಮಾವ," ಅಂದಳು. ಕುಂಬಳ ಹೆಚ್ಚಲು ಕೂತಳು.

"ನನ್ನ ಮಾತು ಇನ್ನೂ ಮುಗಿದಿಲ್ಲ," ಅಂದರು ಅತ್ತೆ, ಮಾವನಿಗೆ. ಬಾಯಿಗೆ ಕೈ ಅಡ್ಡ ಇರಲಿಲ್ಲ. "ಮೊದಲ್ನೇ ವರ್ಷಾನೇ ನಿಮಗೆ ಹೇಳಿದ್ದೆ. ನೆನಪಿದ್ಯಾ? ಮರೆತಿರೋದಿಲ್ಲ ನೀವು. ನಾಲ್ಕು ದಿನದ ಬಿಸ್ಕತ್ತು ಯಾವ್ದು ಅಂತ ಗೋಡೆ ಆಚೆಯಿಂದ ಹೇಳೋ ಕಿವಿ ನಿಮ್ಮದು. ಹನ್ನೊಂದು ವರ್ಷ ನನ್ನ ತಟ್ಟೆಯಿಂದ ಒಂದು ಸದ್ದೂ ಬರ್ಲಿಲ್ಲ ಅನ್ನೋದು ಆ ಕಿವಿಗೆ ಕೇಳಿಸ್ಲಿಲ್ಲ. ಹೋಗ್ಲಿ. ಚೀಟಿ ತಂದು ಕೈಗೆ ಕೊಟ್ಟೆ. ಇದೇ ಕುರ್ಚೀಲಿ ಕೂತಿದ್ರಿ. ಬಿಸ್ಕತ್ತು ತಿಂತಿದ್ರಿ. ಬಾಯಿ ತುಂಬ ಇತ್ತು, ಅದಕ್ಕೆ ತಕ್ಷಣ ಉತ್ತರ ಕೊಡೋಕಾಗ್ಲಿಲ್ಲ. ನಾನು ನಿಂತಿದ್ದೆ. ನೀವು ಅಗಿದ್ರಿ. ನುಂಗಿದ್ರಿ. ನೀರು ಕುಡಿದು, ಬಾಯಿ ಒರೆಸ್ಕೊಂಡು ಅಂದ್ರಿ, ನೀನು 
ಯಾರಿಗೆ—"

ಕುರ್ಚಿ ನೆಲಕ್ಕೆ ಉಜ್ಜಿ ಕಿರ್‌ರ್ ಅಂತು. ಅವತ್ತಿನ ಊಟದಲ್ಲಿ ಮಾವನ ಕಡೆಯಿಂದ ಬಂದ ಸರಿಯಾದ ಸದ್ದು ಅದೊಂದೇ. ಎದ್ದು ಹೋದರು.